ಪಿಸಿಒಎಸ್, ದೇಹದ ತೂಕ ಮತ್ತು ಅಂಡಾಶಯದ ಸಂಗ್ರಹ: ಎಎಂಎಚ್ ವರದಿಯನ್ನು ಓದುವುದು ಹೇಗೆ?

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಡಿಲು ತುಂಬದ ದಂಪತಿಗಳು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರಲ್ಲಿ ಅನೇಕರ ಕೈಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಕಾಗದ ಕಾಣಸಿಗುತ್ತದೆ. ಅದು ಎಎಂಎಚ್ ಎಂಬ ರಕ್ತಪರೀಕ್ಷೆಯ ವರದಿ. ಅಂಡಾಶಯದಲ್ಲಿ ಅಂಡಾಣುಗಳ ಸಂಗ್ರಹ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಲು ಈ ಪರೀಕ್ಷೆ ನಡೆಯುತ್ತದೆ. ವರದಿಯಲ್ಲಿ ಅಂಕಿ ಕಡಿಮೆ ಇದ್ದರೆ ಮನೆಯಲ್ಲಿ ಸೂತಕದ ವಾತಾವರಣ. ಹೆಚ್ಚಿದ್ದರೆ 'ಇನ್ನೇನು ಚಿಂತೆ' ಎಂದು ಚಿಕಿತ್ಸೆಯನ್ನೇ ಬಿಟ್ಟುಬಿಡುವವರೂ ಇದ್ದಾರೆ. ಪಿಸಿಒಎಸ್ ಇರುವ ಮಹಿಳೆಯರ ಮಟ್ಟಿಗೆ ಈ ಎರಡೂ ತಪ್ಪು ತಿಳುವಳಿಕೆ. ಅದರಲ್ಲೂ ತೂಕ ಹೆಚ್ಚಿರುವ ಮಹಿಳೆಯರಲ್ಲಿ ಈ ಅಂಕಿ ಇನ್ನಷ್ಟು ಗೊಂದಲ ಉಂಟುಮಾಡುತ್ತದೆ.

ಈ ವಿಷಯವನ್ನು ನಾವು ಬೆಳಗಾವಿ ನಗರ ಮತ್ತು ಪಕ್ಕದ ಖಾನಾಪುರ ತಾಲ್ಲೂಕನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ಕೆಲಸ, ವ್ಯಾಪಾರ, ನರ್ಸಿಂಗ್ ಓದು ಎಂದು ನಮ್ಮ ಕರಾವಳಿಯಿಂದ ಅಲ್ಲಿಗೆ ಹೋದವರು ಇದ್ದಾರೆ. ಅಲ್ಲಿಂದ ಇಲ್ಲಿಗೆ ಸೊಸೆಯಂದಿರಾಗಿ ಬಂದವರೂ ಇದ್ದಾರೆ. ಅದಕ್ಕಿಂತ ಮುಖ್ಯ ಕಾರಣವೆಂದರೆ, ಸುಮಾರು 26 ಕಿಲೋಮೀಟರ್ ಅಂತರದ ಈ ಎರಡು ಊರುಗಳನ್ನು ಒಟ್ಟಿಗೆ ನೋಡಿದಾಗ ಈ ಕಾಯಿಲೆಯ ಎರಡು ಮುಖಗಳು ಚೆನ್ನಾಗಿ ಅರ್ಥವಾಗುತ್ತವೆ.

ಬೆಳಗಾವಿಯಲ್ಲಿ ವೈದ್ಯಕೀಯ ಸೌಲಭ್ಯಕ್ಕೆ ಕೊರತೆ ಇಲ್ಲ. 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆ 1963ರಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಸರಕಾರದ ಬಿಮ್ಸ್ ಮತ್ತು ಜಿಲ್ಲಾಸ್ಪತ್ರೆ ಇವೆ, ಲ್ಯಾಬುಗಳು ಮತ್ತು ಸ್ಕ್ಯಾನಿಂಗ್ ಸೆಂಟರುಗಳು ಇವೆ. ಖಾನಾಪುರ ಬೇರೆಯೇ ಲೋಕ. ಪಶ್ಚಿಮ ಘಟ್ಟದ ಕಾಡು, ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆಯ ಒಂಟಿ ಹಳ್ಳಿಗಳು, ಬಿಡದ ಮಳೆ. ಒಂದು ರಕ್ತಪರೀಕ್ಷೆಗೆಂದು ಬೆಳಗಾವಿಗೆ ಹೋಗಿ ಬಂದರೆ ಆ ದಿನದ ಕೂಲಿ ಹೋದಂತೆಯೇ.

ನಗರದ ಹೆಣ್ಣುಮಗಳು ಕುಳಿತು ಮಾಡುವ ಕೆಲಸದಲ್ಲಿ ತೂಕ ಏರಿಸಿಕೊಂಡಿದ್ದರೆ, ಮುಟ್ಟು ತಪ್ಪಿದಾಗ ವೈದ್ಯರಿಗೆ ಪಿಸಿಒಎಸ್ ಸಂಶಯ ಬೇಗ ಬರುತ್ತದೆ. ಆದರೆ ಗದ್ದೆ ಕೆಲಸ ಮಾಡಿ ತೆಳ್ಳಗಿರುವ ಖಾನಾಪುರದ ಹುಡುಗಿಗೆ ಮೂರು ತಿಂಗಳು ಮುಟ್ಟಾಗದಿದ್ದರೆ? 'ರಕ್ತ ಕಡಿಮೆ ಐತಿ, ಅದಕ್ಕ ಮುಟ್ಟು ಬರವಲ್ದು' ಎಂದು ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗುವುದೇ ಹೆಚ್ಚು. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ. ಇದನ್ನು ಮೊದಲೇ ಹೇಳುತ್ತಿದ್ದೇವೆ, ಏಕೆಂದರೆ ಮುಂದೆ ತೂಕದ ಮಾತೇ ಹೆಚ್ಚು ಬರಲಿದೆ.

ಜನರ ಬಾಯಲ್ಲಿ 'ಪಿಸಿಒಡಿ' ಎಂದು ಓಡಾಡುವ ಈ ತೊಂದರೆಯನ್ನು 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ವಿವರಿಸಿದರು. ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 8ರಿಂದ 13 ಮಂದಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ (ಮುಖದ ಮೇಲೆ ಕೂದಲು, ಮೊಡವೆ), ಸ್ಕ್ಯಾನಿಂಗಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶಗಳು: 2003ರ ರಾಟರ್‌ಡ್ಯಾಮ್ ನಿಯಮದ ಪ್ರಕಾರ ಈ ಮೂರರಲ್ಲಿ ಎರಡು ಇದ್ದು, ಥೈರಾಯ್ಡ್ ಮುಂತಾದ ಬೇರೆ ಕಾರಣಗಳು ಇಲ್ಲವೆಂದು ಖಚಿತವಾದರೆ ಪಿಸಿಒಎಸ್ ಎನ್ನುತ್ತಾರೆ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು ವಯಸ್ಕ ಮಹಿಳೆಯರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ಪರೀಕ್ಷೆಯನ್ನೂ ಬಳಸಬಹುದು ಎಂದಿದೆ. ಸ್ಕ್ಯಾನಿಂಗಿನಲ್ಲಿ ಕಾಣುವ ಆ ಕೋಶಗಳು ಗಡ್ಡೆಗಳಲ್ಲ. ಅವನ್ನು ಕತ್ತರಿಸಿ ತೆಗೆಯಬೇಕೆಂದು ಹೆದರಬೇಕಾಗಿಲ್ಲ. ಬೆಳೆಯುತ್ತ ಬೆಳೆಯುತ್ತ ಅರ್ಧದಲ್ಲೇ ನಿಂತುಹೋದ ಅಂಡಕೋಶಗಳು ಅವು.

ಇನ್ನು 'ಸಂಗ್ರಹ'ದ ವಿಚಾರ. ಹೆಣ್ಣುಮಗು ತಾಯಿಯ ಗರ್ಭದಲ್ಲಿ ಐದು ತಿಂಗಳಿನದಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ 3ರಿಂದ 4 ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು ಸುಮಾರು ನಾಲ್ಕು ನೂರು ಮಾತ್ರ. ಉಳಿದವು ತಾವಾಗಿಯೇ ಕರಗಿಹೋಗುತ್ತವೆ. ಹೊಸದಾಗಿ ಹುಟ್ಟುವುದಿಲ್ಲ.

ಬೆಳಗಾವಿ ಕಡೆಯ ಹಳೆಯ ಮನೆಗಳಲ್ಲಿ ಜೋಳ ಕೂಡಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ನಮ್ಮ ಕಡೆಯ ಭತ್ತದ ಕಣಜ ಇದ್ದ ಹಾಗೆ. ಮುಚ್ಚಿದ ಹಗೇವಿನೊಳಗೆ ಎಷ್ಟು ಕಾಳಿದೆ ಎಂದು ಎಣಿಸಲಾಗದು. ಹೊರಗೆ ತೆಗೆದು ಅಂಗಳದಲ್ಲಿ ಹರವಿದ ಕಾಳನ್ನು ನೋಡಿ ಒಳಗಿನ ಲೆಕ್ಕ ಊಹಿಸಬೇಕು. ಎಎಂಎಚ್ ಪರೀಕ್ಷೆ ಮಾಡುವುದು ಅಷ್ಟೇ. ನಿದ್ರೆಯಿಂದ ಎದ್ದು ಬೆಳೆಯಲು ಹೊರಟ ಸಣ್ಣ ಕೋಶಗಳು ಈ ಹಾರ್ಮೋನನ್ನು ಸ್ರವಿಸುತ್ತವೆ. ಪಿಸಿಒಎಸ್‌ನಲ್ಲಿ ಅಂಥ ಕೋಶಗಳು ಅಂಗಳದಲ್ಲಿ ರಾಶಿ ಬಿದ್ದಿರುತ್ತವೆ. ಆದ್ದರಿಂದ ಅಂಕಿ ಸಾಮಾನ್ಯ ಮಹಿಳೆಯರಿಗಿಂತ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ಆದರೆ ರಾಶಿ ಇದ್ದ ಮಾತ್ರಕ್ಕೆ ಮೊಳಕೆ ಬಂದಂತಾಗಲಿಲ್ಲ. ಒಂದು ಕೋಶವೂ ಪೂರ್ತಿ ಬೆಳೆದು ಅಂಡಾಣು ಬಿಡದಿದ್ದರೆ ಗರ್ಭ ನಿಲ್ಲುವುದಾದರೂ ಹೇಗೆ? ಅಂಕಿ 8 ಬಂದಿದೆ ಎಂದು ಸಿಹಿ ಹಂಚಿದವರು ಈ ಮಾತನ್ನು ಗಮನಿಸಬೇಕು.

ಇದರಲ್ಲಿ ತೂಕದ ಪಾತ್ರವೇನು? ದೇಹದಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ, ಬೊಜ್ಜು ಹೆಚ್ಚಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ದೇಹ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಏರಿಸುತ್ತದೆ, ಕೋಶಗಳು ಅರ್ಧದಲ್ಲೇ ನಿಲ್ಲುತ್ತವೆ, ಮುಟ್ಟು ತಪ್ಪುತ್ತದೆ. ಪಿಸಿಒಎಸ್ ತೂಕ ಏರಲು ದಾರಿ ಮಾಡುತ್ತದೆ, ಏರಿದ ತೂಕ ಪಿಸಿಒಎಸ್ ಅನ್ನು ಹದಗೆಡಿಸುತ್ತದೆ. ಆದ್ದರಿಂದ 'ತಿಂದು ತಿಂದು ಹೀಗಾಗಿದ್ದಾಳೆ' ಎಂದು ಸೊಸೆಯನ್ನು ದೂರುವುದು ಅನ್ಯಾಯ. ಬೆಳಗಾವಿಯ ಕುಂದಾ ಎದುರಿಗಿದ್ದರೆ ಕೈ ಹಿಂದೆಗೆಯುವುದು ಯಾರಿಗೂ ಸುಲಭವಲ್ಲ, ಅದು ಬೇರೆ ಮಾತು.

ಈಗ ಗೊಂದಲದ ಜಾಗಕ್ಕೆ ಬರೋಣ. ಪಿಸಿಒಎಸ್ ಇರುವವರಲ್ಲೇ ಹೋಲಿಸಿದರೆ, ತೂಕ ಹೆಚ್ಚಿರುವವರ ಎಎಂಎಚ್ ತೆಳ್ಳಗಿರುವವರಿಗಿಂತ ಸರಾಸರಿಯಲ್ಲಿ ಕಡಿಮೆ ಬರುತ್ತದೆ ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಉದಾಹರಣೆಗೆ, ಒಂದೇ ವಯಸ್ಸಿನ ಇಬ್ಬರಲ್ಲಿ ತೆಳ್ಳಗಿನವಳಿಗೆ 8, ದಪ್ಪಗಿನವಳಿಗೆ 4 ಬಂದಿತೆಂದು ಇಟ್ಟುಕೊಳ್ಳಿ. ಎರಡನೆಯವಳ ಅಂಡಾಣುಗಳು ಅರ್ಧಕ್ಕಿಳಿದಿವೆ ಎಂದು ಇದರ ಅರ್ಥವಲ್ಲ. ಬೊಜ್ಜು ಹೆಚ್ಚಿದ ದೇಹದಲ್ಲಿ ಪ್ರತಿಯೊಂದು ಕೋಶವೂ ಸ್ರವಿಸುವ ಹಾರ್ಮೋನು ಕಡಿಮೆಯಾಗಬಹುದು, ದೊಡ್ಡ ದೇಹದಲ್ಲಿ ಅದು ತೆಳುವಾಗಿ ಹರಡಿಯೂ ಇರಬಹುದು. ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಮುಂದುವರಿದಿದೆ. ಸ್ಕ್ಯಾನಿಂಗಿನಲ್ಲಿ ಎಣಿಸುವ ಕೋಶಗಳ ಸಂಖ್ಯೆ ಮಾತ್ರ ತೂಕದ ಜೊತೆಗೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದರೂ ಈ ಅಂಕಿ ಇಳಿಯುತ್ತದೆ. ಬೇರೆ ಬೇರೆ ಲ್ಯಾಬುಗಳ ಅಂಕಿಗಳಲ್ಲೂ ವ್ಯತ್ಯಾಸವಿರುತ್ತದೆ.

ಆದುದರಿಂದ ವಯಸ್ಸು, ತೂಕ, ಸ್ಕ್ಯಾನಿಂಗ್, ಸೇವಿಸುತ್ತಿರುವ ಔಷಧ ಇವನ್ನೆಲ್ಲ ಬದಿಗಿಟ್ಟು ಒಂದೇ ಅಂಕಿಯ ಮೇಲೆ 'ನಿಮ್ಮ ಅಂಡಾಣು ಮುಗಿಯುತ್ತ ಬಂತು, ಬೇಗ ಐವಿಎಫ್ ಮಾಡಿಸಿ' ಎಂದು ಯಾರಾದರೂ ಹೇಳಿದರೆ, ಸಾಲ ಮಾಡುವ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ. 2017ರಲ್ಲಿ ಅಮೆರಿಕದ ಒಂದು ಅಧ್ಯಯನವು ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವಯಸ್ಸಿನ ಮಹಿಳೆಯರನ್ನು ಗಮನಿಸಿತು. ಎಎಂಎಚ್ ಕಡಿಮೆ ಇದ್ದವರೂ ಇತರರಷ್ಟೇ ಸಹಜವಾಗಿ ಗರ್ಭ ಧರಿಸಿದ್ದು ಅದರಲ್ಲಿ ಕಂಡುಬಂತು. ಮದುವೆಗೆ ಮುನ್ನ ಹುಡುಗಿಯ ಎಎಂಎಚ್ ವರದಿ ಕೇಳುವುದಂತೂ ಅರ್ಥವಿಲ್ಲದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ತೂಕ ಇಳಿಸಿದರೆ ಎಎಂಎಚ್ ಏರುವುದೋ ಇಳಿಯುವುದೋ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ, ಅಂಡಾಣು ಬಿಡುಗಡೆಯಾಗುತ್ತದೆ. 152 ಸೆಂಟಿಮೀಟರ್ ಎತ್ತರ, 68 ಕಿಲೋ ತೂಕದ ಮಹಿಳೆಗೆ ಇದು ಮೂರೂವರೆಯಿಂದ ಏಳು ಕಿಲೋ. ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಇದೇ ಎತ್ತರಕ್ಕೆ ಅದು ಸುಮಾರು 53 ಮತ್ತು 58 ಕಿಲೋ. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು. 53 ಕಿಲೋಗೆ ಇಳಿಯುವವರೆಗೂ ಪ್ರಯೋಜನವಿಲ್ಲ ಎಂದುಕೊಳ್ಳಬೇಡಿ. ಮೊದಲ ನಾಲ್ಕು ಕಿಲೋದಿಂದಲೇ ಲಾಭ ಆರಂಭವಾಗಬಹುದು. ಇದಕ್ಕೆಂದೇ ವಿಶೇಷ ಪಥ್ಯ ಯಾವುದೂ ಇಲ್ಲ. ಅನ್ನದ ರಾಶಿ ಸ್ವಲ್ಪ ತಗ್ಗಿಸಿ ಕಾಳು, ಸೊಪ್ಪು, ಮೀನು ಹೆಚ್ಚಿಸುವುದು, ಸಕ್ಕರೆ ಹಾಕಿದ ಚಹಾವನ್ನು ಕಡಿಮೆ ಮಾಡುವುದು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಸಾಕು. ಉಪವಾಸ ಬಿದ್ದು ತಿಂಗಳಿಗೆ ಹತ್ತು ಕಿಲೋ ಇಳಿಸುವ ಜಾಹೀರಾತುಗಳಿಂದ ದೂರವಿರಿ. ತೆಳ್ಳಗಿರುವವರು ತೂಕ ಇಳಿಸಬೇಕಾಗಿಲ್ಲ. ಅವರಿಗೆ ಬೇಕಾದದ್ದು ಸರಿಯಾದ ತಪಾಸಣೆ.

ಔಷಧಗಳೂ ಇವೆ. ಅಂಡಾಣು ಬಿಡುಗಡೆಗೆ ಇಂದು ಮೊದಲ ಆಯ್ಕೆ ಲೆಟ್ರೊಜೋಲ್ ಮಾತ್ರೆ. ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸುವುದನ್ನು ನಿಷೇಧಿಸಲಾಗಿತ್ತು, 2017ರಲ್ಲಿ ನಿಷೇಧ ತೆರವಾಯಿತು. ಈ ನಡುವೆ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಪಿಸಿಒಎಸ್ ಇದ್ದವರ ಪೈಕಿ ಲೆಟ್ರೊಜೋಲ್ ಪಡೆದ ನೂರರಲ್ಲಿ 27.5 ಮಂದಿಗೆ, ಹಳೆಯ ಕ್ಲೊಮಿಫೀನ್ ಪಡೆದ ನೂರರಲ್ಲಿ 19.1 ಮಂದಿಗೆ ಮಗು ಹುಟ್ಟಿತ್ತು. ಇನ್ಸುಲಿನ್ ತೊಂದರೆಗೆ ಕೊಡುವ ಮೆಟ್‌ಫಾರ್ಮಿನ್ ಅಗ್ಗದ ಮಾತ್ರೆ, ಜನೌಷಧಿ ಅಂಗಡಿಯಲ್ಲೂ ಸಿಗುತ್ತದೆ. ಎಲ್ಲವನ್ನೂ ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳಬೇಕು.

ಮುಟ್ಟು ಕ್ರಮಪಡಿಸಲು ವೈದ್ಯರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಾಗ 'ಇದು ಗರ್ಭನಿರೋಧಕ, ಧರ್ಮಸಭೆ ಒಪ್ಪುವುದಿಲ್ಲ' ಎಂದು ಮಗಳಿಗೆ ಕೊಡದೆ ಇಡುವ ತಾಯಂದಿರಿದ್ದಾರೆ. 1968ರ 'ಹ್ಯುಮಾನೆ ವೀತೆ' ವಿಶ್ವಪತ್ರದ 15ನೇ ಪರಿಚ್ಛೇದ ಈ ಬಗ್ಗೆ ಸ್ಪಷ್ಟವಾಗಿದೆ. ಕಾಯಿಲೆ ಗುಣಪಡಿಸಲು ಬೇಕಾದ ಚಿಕಿತ್ಸೆಗೆ ಧರ್ಮಸಭೆಯ ಅಡ್ಡಿಯಿಲ್ಲ. ತಿಂಗಳುಗಟ್ಟಲೆ ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋದರೆ ಮುಂದೆ ಅಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಮಾತ್ರೆ ಕೊಡುವುದು ಅದನ್ನು ತಪ್ಪಿಸಲೂ ಹೌದು. ಹಾಗೆಯೇ, ಬಂಜೆತನವು ವಿವಾಹಕ್ಕೆ ಅಡ್ಡಿಯೂ ಅಲ್ಲ, ಅದನ್ನು ಅಸಿಂಧುಗೊಳಿಸುವುದೂ ಇಲ್ಲ ಎಂದು ಧರ್ಮಸಭೆಯ ಕಾನೂನಿನ 1084ನೇ ವಿಧಿ ಹೇಳುತ್ತದೆ. ವಿವಾಹ ಸಿದ್ಧತಾ ಶಿಬಿರ ನಡೆಸುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ಐವಿಎಫ್ ಅನ್ನು ಧರ್ಮಸಭೆ ಒಪ್ಪುವುದಿಲ್ಲ ಎಂಬುದು ಓದುಗರಿಗೆ ಗೊತ್ತೇ ಇದೆ. ಆದರೆ ಪಿಸಿಒಎಸ್ ಇರುವ ಬಹಳಷ್ಟು ದಂಪತಿಗಳಿಗೆ ಅದಕ್ಕಿಂತ ಮೊದಲು ಹತ್ತಬೇಕಾದ ಮೆಟ್ಟಿಲುಗಳು ಇನ್ನೂ ಇರುತ್ತವೆ ಎಂಬುದು ಗೊತ್ತಿರುವುದಿಲ್ಲ.

ಬೆಳಗಾವಿ ಜಿಲ್ಲೆಯ ಹಳ್ಳಿಯ ತಾಯಂದಿರು ವೈದ್ಯಲೋಕಕ್ಕೆ ಹಿಂದೆ ದೊಡ್ಡ ಪಾಠ ಕಲಿಸಿದ್ದಾರೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಅಲ್ಲಿನ ದಾದಿಯರು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟ ಪ್ರಯೋಗದಲ್ಲಿ 1,620 ಮಹಿಳೆಯರು ಭಾಗವಹಿಸಿದ್ದರು. ಇಂಥ ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. ಹಳ್ಳಿಯ ದಾದಿಯ ಮೂಲಕ ಎಷ್ಟೆಲ್ಲ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಬಸುರಿಯ ಹೆಸರು ಅವರ ಪುಸ್ತಕದಲ್ಲಿ ಬರುತ್ತದೆ. ಮುಟ್ಟೇ ಆಗದ ಹತ್ತೊಂಬತ್ತರ ಹುಡುಗಿಯ ಹೆಸರು ಎಲ್ಲಿ ಬರುತ್ತದೆ? ಸ್ತ್ರೀ ಸಂಘಟನೆಯವರು, ಧರ್ಮಭಗಿನಿಯರು, ಆಶಾ ಕಾರ್ಯಕರ್ತೆಯರು ಮಾಡಬಹುದಾದ ಕೆಲಸ ಇಲ್ಲಿದೆ. ಮುಟ್ಟಿನ ನಡುವಿನ ಅಂತರ 35 ದಿನ ಮೀರುತ್ತಿದ್ದರೆ, ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟಾಗುತ್ತಿದ್ದರೆ, ಅಥವಾ ಒಮ್ಮೆ 90 ದಿನ ದಾಟಿದರೆ ವೈದ್ಯರ ಬಳಿ ಕಳುಹಿಸಿ. ಮೈನೆರೆದು ಮೂರು ವರ್ಷ ತುಂಬದ ಹುಡುಗಿಯರಲ್ಲಿ 45 ದಿನದವರೆಗಿನ ಅಂತರ ಸಹಜ. ಮೈನೆರೆದ ಮೊದಲ ಎಂಟು ವರ್ಷ ಪಿಸಿಒಎಸ್ ಪತ್ತೆಗೆ ಸ್ಕ್ಯಾನಿಂಗ್ ಆಗಲಿ ಎಎಂಎಚ್ ಆಗಲಿ ನೆಚ್ಚಬಾರದು, ಏಕೆಂದರೆ ಆ ಪ್ರಾಯದಲ್ಲಿ ಕೋಶಗಳು ಸಹಜವಾಗಿಯೇ ಹೆಚ್ಚಿರುತ್ತವೆ. ಹದಿಹರೆಯದವರಿಗೆ ಸರಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ಸಲಹೆ ಉಚಿತ.

ಮಗು ಬಯಸಿ ಹೋಗುವವರು ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಹಳೆಯ ವರದಿಗಳನ್ನೆಲ್ಲ ಒಯ್ಯಿರಿ. ಮುಟ್ಟೇ ಸರಿಯಿಲ್ಲದವರು ಒಂದು ವರ್ಷ ಕಾಯುತ್ತ ಕೂರಬೇಕಾಗಿಲ್ಲ. ಗಂಡನೂ ಜೊತೆಗೆ ಹೋಗಬೇಕು. ವೀರ್ಯ ಪರೀಕ್ಷೆ ಸರಳವಾದದ್ದು, ಅದನ್ನು ಮಾಡಿಸದೆ ಹೆಂಡತಿಗೆ ವರ್ಷಗಟ್ಟಲೆ ಮಾತ್ರೆ ನುಂಗಿಸುವುದು ಸರಿಯಲ್ಲ. ಖಾನಾಪುರದಂಥ ದೂರದ ಊರುಗಳಿಂದ ಹೋಗುವವರು ಬೆಳಿಗ್ಗೆ ಏನೂ ತಿನ್ನದೆ ಹೊರಟರೆ ಸಕ್ಕರೆ ಪರೀಕ್ಷೆ ಅದೇ ದಿನ ಮುಗಿಯುತ್ತದೆ. ಪಿಸಿಒಎಸ್ ಇರುವವರಿಗೆ ಇದು ಎಎಂಎಚ್‌ಗಿಂತ ಹೆಚ್ಚು ಅಗತ್ಯ. ಎಎಂಎಚ್‌ಗೆ ಖಾಲಿ ಹೊಟ್ಟೆಯೂ ಬೇಕಿಲ್ಲ, ಮುಟ್ಟಿನ ಇಂಥದ್ದೇ ದಿನ ಎಂದೂ ಇಲ್ಲ. ವೈದ್ಯರು ಬರೆದುಕೊಟ್ಟರೆ ಅದೇ ಬಾರಿ ರಕ್ತ ಕೊಟ್ಟು ಬರಬಹುದು.