ಬೆಂಕಿಯ ಹೆಸರಿನ ಫ್ರಿಜ್, ಫ್ರಿಜ್ಜಿನ ಹೆಸರಿನ ತಂಡ

ಲ್ಯಾಟಿನ್ ಭಾಷೆಯಲ್ಲಿ ‘ಇಗ್ನಿಸ್’ ಎಂದರೆ ಬೆಂಕಿ. ಸಂಸ್ಕೃತದಿಂದ ನಮಗೆ ಬಂದ ‘ಅಗ್ನಿ’ಯೂ ಅದೂ ಒಂದೇ ಬೇರಿನ ಪದಗಳು. ಇಟಲಿಯ ಕಾರ್ಖಾನೆಯೊಂದು ಈ ಹೆಸರಿಟ್ಟುಕೊಂಡು ವಿದ್ಯುತ್ ಒಲೆಗಳನ್ನು ತಯಾರಿಸಿತು. ಅಲ್ಲಿಯವರೆಗೆ ಹೆಸರು ಸರಿಯಾಗಿಯೇ ಇತ್ತು. ಆಮೇಲೆ ಅದೇ ಹೆಸರಿನಲ್ಲಿ ಫ್ರಿಜ್‌ಗಳನ್ನು ಮಾಡಿ ಮಾರಿತು. ಅದೂ ಸಾಲದೆಂಬಂತೆ ಊರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಅದೇ ಹೆಸರನ್ನು ತೊಡಿಸಿತು. ಆ ಊರು ವರೇಸೆ. 1970ರಿಂದ 1979ರವರೆಗೆ, ಒಂದು ವರ್ಷವೂ ತಪ್ಪದೆ, ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಕಪ್‌ನಲ್ಲಿ ಫೈನಲ್ ಆಡಿದ ತಂಡ ಈ ಊರಿನದು. ಹತ್ತು ವರ್ಷ, ಹತ್ತು ಫೈನಲ್. ಯುರೋಪಿನ ಇನ್ನಾವ ಕ್ಲಬ್ಬೂ ಇದುವರೆಗೆ ಈ ದಾಖಲೆಯನ್ನು ಮುಟ್ಟಿಲ್ಲ.

ವರೇಸೆ ದೊಡ್ಡ ನಗರವೇನಲ್ಲ. ಅಲ್ಪ್ಸ್ ಪರ್ವತದ ತಪ್ಪಲಿನಲ್ಲಿ, ಮಿಲಾನ್‌ನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಜನಸಂಖ್ಯೆ 80 ಸಾವಿರದ ಆಸುಪಾಸು. ಬೆಂಗಳೂರಿಗೂ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗೂ ಇರುವುದು ಹೆಚ್ಚುಕಡಿಮೆ ಅಷ್ಟೇ ದೂರ. ಮಹಾನಗರದ ನೆರಳಿನಲ್ಲಿರುವ ಊರಿಗೆ ಕಾರ್ಖಾನೆ ಬಂದರೆ ಏನೆಲ್ಲ ಬದಲಾಗುತ್ತದೆ ಎಂಬುದನ್ನು ಸೋಂಪುರದ ಕೈಗಾರಿಕಾ ಪ್ರದೇಶ ಕಂಡ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವರೇಸೆಯ ಕ್ಲಬ್ ಹುಟ್ಟಿದ್ದು 1945ರಲ್ಲಿ, ಯುದ್ಧ ಮುಗಿದ ವರ್ಷ. ಜೋವಾನ್ನಿ ಬೋರ್ಗಿ ಎಂಬಾತನ ಕುಟುಂಬವನ್ನು ಅದರ ಪಕ್ಕದ ಕೊಮೇರಿಯೊ ಹಳ್ಳಿಗೆ ತಂದು ಬಿಟ್ಟದ್ದೂ ಅದೇ ಯುದ್ಧ. ಮಿಲಾನ್‌ನಲ್ಲಿ ವಿದ್ಯುತ್ ಉಪಕರಣಗಳ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಕುಟುಂಬ ಅದು. ಅಲ್ಲಿ ಬಾಂಬು ಬಿದ್ದ ಮೇಲೆ ಹಳ್ಳಿ ಸೇರಿತು. ಯುದ್ಧಾನಂತರದ ಇಟಲಿಯಲ್ಲಿ ಮನೆಮನೆಗೂ ಫ್ರಿಜ್ ಬೇಕಾಯಿತು; ಬೋರ್ಗಿ ಅದನ್ನು ಕಡಿಮೆ ಬೆಲೆಗೆ ಕೊಟ್ಟ. ಕಾರ್ಮಿಕರಿಗೆ ಮನೆ ಕಟ್ಟಿಸಿದ. ಸೈಕಲ್ ಸ್ಪರ್ಧೆಯ ತಂಡ ಕಟ್ಟಿದ, ಬಾಕ್ಸರ್‌ಗಳನ್ನು ಸಾಕಿದ, ಊರಿನ ಫುಟ್‌ಬಾಲ್ ತಂಡವನ್ನು 1964ರಲ್ಲಿ ದೇಶದ ಅಗ್ರ ಲೀಗ್‌ಗೆ ಏರಿಸಿದ. ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ 1950ರ ದಶಕದಲ್ಲಿ ಕೈ ಹಾಕಿದ. ಊರಿನ ತಂಡದ ಬಣ್ಣ ಕೆಂಪು–ಬಿಳಿ. ಇಗ್ನಿಸ್ ಬಂದ ಮೇಲೆ ಅಂಗಿ ಹಳದಿ–ನೀಲಿಯಾಯಿತು. ಇದೆಲ್ಲ ಬರೀ ಪ್ರೀತಿಯೇ ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟು: ಪತ್ರಿಕೆಗಳ ಕ್ರೀಡಾಪುಟದಲ್ಲಿ ಗೆದ್ದ ತಂಡದ ಹೆಸರು ಬಂದರೆ ಫ್ರಿಜ್ಜಿನ ಹೆಸರೂ ಬಂದಂತೆ. ಜಾಹೀರಾತಿನ ದುಡ್ಡು ಕೊಡದೆ ಸಿಗುವ ಜಾಹೀರಾತು ಅದು.

ನಮ್ಮಲ್ಲೂ ಕಂಪನಿಯ ಹೆಸರಿನ ತಂಡಗಳು ಹೊಸತಲ್ಲ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳ ಹೆಸರು ಕೇಳದ ಕ್ರೀಡಾಪ್ರೇಮಿ ಇಲ್ಲ. ಆದರೆ ನಮ್ಮ ರೀತಿ ಬೇರೆ. ಇಲ್ಲಿ ಆಟಗಾರನಿಗೆ ಸಿಗುತ್ತಿದ್ದುದು ಕೆಲಸ. ಮೊಣಕಾಲು ಸೋತ ಮೇಲೂ ಗುಮಾಸ್ತನ ಕುರ್ಚಿ ಕಾದಿರುತ್ತಿತ್ತು. ಅಲ್ಲಿ ಮಾಲೀಕ ದುಡ್ಡು ಕೊಟ್ಟು ಆಡಿಸಿದ, ಹೊರದೇಶದಿಂದಲೂ ಆಟಗಾರರನ್ನು ಕರೆತಂದ.

ಇಟಲಿಯ ಲೀಗ್ ಗೆದ್ದವರಿಗೆ ‘ಸ್ಕುದೆತ್ತೊ’, ಅಂದರೆ ಅಂಗಿಯ ಮೇಲೆ ಧರಿಸುವ ಪುಟ್ಟ ಗುರಾಣಿಯ ಲಾಂಛನ ಸಿಗುತ್ತದೆ. ವರೇಸೆ ಅದನ್ನು ಮೊದಲು ಗಳಿಸಿದ್ದು 1961ರಲ್ಲಿ. ನಿಜವಾದ ವೈಭವ ಶುರುವಾದದ್ದು ಮಾತ್ರ 1969ರಲ್ಲಿ ಯುಗೊಸ್ಲಾವಿಯದ ಅಲೆಕ್ಸಾಂಡರ್ ನಿಕೋಲಿಚ್ ಕೋಚ್ ಆಗಿ ಬಂದ ಮೇಲೆ. ಆತನ ಕೈಗೆ ಸಿಕ್ಕವರು ಯಾರು? ಅಷ್ಟೇನೂ ಎತ್ತರವಿಲ್ಲದಿದ್ದರೂ ಗಾಳಿಯಲ್ಲಿ ತೇಲಿದಂತೆ ಜಿಗಿಯುತ್ತಿದ್ದ ಮೆಕ್ಸಿಕೊದ ಮಾನ್ಯುವೆಲ್ ರಾಗಾ. ಚೆಂಡನ್ನು ಹಂಚುವ ಚಾಣಾಕ್ಷ ಆಲ್ಡೊ ಒಸ್ಸೋಲಾ. 16ನೇ ವಯಸ್ಸಿಗೇ ಮೊದಲ ತಂಡಕ್ಕೆ ಬಂದಿದ್ದ ದೀನೊ ಮೆನೆಗಿನ್. 1970ರಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ಅಟ್ಲಾಂಟಾ ಹಾಕ್ಸ್ ತಂಡ ಆಟಗಾರರ ಆಯ್ಕೆಯ ವೇಳೆ ರಾಗಾ ಮತ್ತು ಮೆನೆಗಿನ್ ಇಬ್ಬರ ಹೆಸರನ್ನೂ ಕೂಗಿತು. ಇಬ್ಬರೂ ಅಲ್ಲಿ ಆಡಲಿಲ್ಲ.

ಅದೇ ವರ್ಷ ಸರಾಯೆವೊದಲ್ಲಿ ಮಾಸ್ಕೊದ ಸೇನಾ ತಂಡವನ್ನು 79–74ರಿಂದ ಸೋಲಿಸಿ ಇಗ್ನಿಸ್ ಮೊದಲ ಯುರೋಪಿಯನ್ ಕಪ್ ಗೆದ್ದಿತು. ಫ್ರಿಜ್ ಮಾರುವವರು ಸೋವಿಯತ್ ಸೇನೆಯನ್ನು ಸೋಲಿಸಿದರೆಂದರೆ ಊರಿನಲ್ಲಿ ಸಂಭ್ರಮ ಹೇಗಿದ್ದಿರಬೇಡ! ಮರುವರ್ಷ ಅದೇ ಮಾಸ್ಕೊ ತಂಡ ಸೇಡು ತೀರಿಸಿಕೊಂಡಿತು. 1972ರಲ್ಲಿ ಟೆಲ್ ಅವೀವ್‌ನಲ್ಲಿ ಯುಗೊಸ್ಲಾವಿಯದ ತಂಡದ ಎದುರು ಒಂದೇ ಅಂಕದ ಗೆಲುವು, 70–69. 1973ರಲ್ಲಿ ಮತ್ತೆ ಮಾಸ್ಕೊ ತಂಡ, ಮತ್ತೆ ಗೆಲುವು. 1974ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಎರಡು ಅಂಕಗಳಿಂದ ಸೋತು, 1975ರಲ್ಲಿ ಅದೇ ತಂಡವನ್ನು ಸೋಲಿಸಿತು. ಅಷ್ಟರಲ್ಲಿ ಕೋಚ್ ಸಾಂಡ್ರೊ ಗಾಂಬಾ ಆಗಿದ್ದರು. ದೂರದಿಂದ ಗುರಿ ತಪ್ಪದೆ ಎಸೆಯುವ ಅಮೆರಿಕನ್ ಬಾಬ್ ಮೋರ್ಸ್ ತಂಡದ ಆಧಾರವಾಗಿದ್ದರು.

ಆದರೆ ಮೈದಾನದ ಹೊರಗೆ ಕಥೆ ಬೇರೆಯೇ ಆಗಿತ್ತು. 1970ರ ದಶಕದ ಆರಂಭದಲ್ಲೇ ಬೋರ್ಗಿಯ ಕಂಪನಿ ಹಾಲೆಂಡಿನ ಫಿಲಿಪ್ಸ್ ಪಾಲಾಗಿತ್ತು. 1975ರಲ್ಲಿ ತಂಡದ ಅಂಗಿಯಿಂದ ಇಗ್ನಿಸ್ ಹೆಸರು ಹೋಗಿ ಪೀಠೋಪಕರಣ ಮಾಡುವ ‘ಮೊಬಿಲ್‌ಜಿರ್ಜಿ’ಯ ಹೆಸರು ಬಂತು. ಬೋರ್ಗಿ ತೀರಿಕೊಂಡದ್ದೂ ಅದೇ ವರ್ಷ. ಆತ ಕಟ್ಟಿದ ತಂಡ 1976ರಲ್ಲಿ ಜಿನೀವಾದಲ್ಲಿ ಐದನೆಯ ಕಪ್ ಗೆದ್ದಾಗ ಅಂಗಿಯ ಮೇಲಿದ್ದುದು ಬೇರೆಯವರ ಹೆಸರು. 1977, 1978, 1979ರ ಫೈನಲ್‌ಗಳಲ್ಲಿ ಸಾಲಾಗಿ ಸೋಲು. ಅದರಲ್ಲಿ ಮೊದಲನೆಯದು ಬೆಲ್‌ಗ್ರೇಡ್‌ನಲ್ಲಿ, ಮಕ್ಕಾಬಿ ಟೆಲ್ ಅವೀವ್ ವಿರುದ್ಧ, ಒಂದೇ ಅಂಕದಿಂದ. ಮುಂದೆ ಮೆನೆಗಿನ್ ಹೊರಟು ಹೋದದ್ದು ಮಿಲಾನ್‌ಗೆ, ಅಂದರೆ ನೆರೆಯ ಎದುರಾಳಿಯ ಮನೆಗೆ.

ಆಮೇಲೆ ಹೆಸರುಗಳ ಮೆರವಣಿಗೆ. ಎಮರ್ಸನ್ ಆಯಿತು, ಊರಿನದೇ ಮೋಟಾರ್ ಸೈಕಲ್ ಕಂಪನಿ ಕಜೀವಾ ಬಂತು, ಪಾದರಕ್ಷೆಯ ದಿವರೇಸೆ ಬಂತು, ರೇಂಜರ್ ಬಂತು. 1992ರಲ್ಲಿ ತಂಡ ಎರಡನೇ ದರ್ಜೆಗೆ ಇಳಿಯಿತು. ಹತ್ತನೆಯ ಸ್ಕುದೆತ್ತೊ ಬಂದದ್ದು 1999ರಲ್ಲಿ, ಒಂಬತ್ತನೆಯದು ಬಂದ 21 ವರ್ಷಗಳ ನಂತರ. ಆ ತಂಡದ ಮುಂದಾಳುಗಳಲ್ಲಿ ಒಬ್ಬ ದೀನೊ ಅವರ ಮಗ ಆಂದ್ರೆಯಾ ಮೆನೆಗಿನ್. ತಂಡ ಆಡಿದ್ದು ‘ವರೇಸೆ ರೂಸ್ಟರ್ಸ್’ ಹೆಸರಿನಲ್ಲಿ. ಹುಂಜಗಳು ಗೆದ್ದವು, ಹೆಸರಿನಲ್ಲಿ ಯಾವ ಸರಕೂ ಇರಲಿಲ್ಲ.

2008ರಲ್ಲಿ ಮತ್ತೊಮ್ಮೆ ಕೆಳಗಿಳಿದು ಮರುವರ್ಷವೇ ಮೇಲೆ ಬಂದ ಈ ಕ್ಲಬ್ಬನ್ನು 2010ರಲ್ಲಿ ಊರಿನ ಉದ್ಯಮಿಗಳು ಸೇರಿ ಕಟ್ಟಿದ ಒಕ್ಕೂಟ ವಹಿಸಿಕೊಂಡಿತು. ಒಬ್ಬ ಬೋರ್ಗಿ ಹೊತ್ತಿದ್ದ ಭಾರವನ್ನು ಹಲವರು ಹಂಚಿಕೊಂಡರೆನ್ನಬಹುದು. 2014ರಿಂದ ತಂಡದ ಹೆಸರಿಗೆ ಸೇರಿಕೊಂಡದ್ದು ‘ಓಪನ್‌ಜಾಬ್‌ಮೆಟಿಸ್’. ಇದು ಫ್ರಿಜ್ಜನ್ನೂ ಮಾಡುವುದಿಲ್ಲ, ಬೂಟನ್ನೂ ಮಾಡುವುದಿಲ್ಲ. ಬೇರೆ ಕಂಪನಿಗಳಿಗೆ ತಾತ್ಕಾಲಿಕ ಕೆಲಸಗಾರರನ್ನು ಒದಗಿಸುವ ಸಂಸ್ಥೆ. ಗುತ್ತಿಗೆ ಕಾರ್ಮಿಕರನ್ನು ತುಂಬಿಕೊಂಡ ಬಸ್ಸುಗಳನ್ನು ದಾಬಸ್‌ಪೇಟೆಯಲ್ಲಿ ನೋಡಿದವರಿಗೆ ಇದರ ಅರ್ಥ ತಕ್ಷಣ ಹೊಳೆದೀತು. ಕಾರ್ಮಿಕರಿಗೆ ಮನೆ ಕಟ್ಟಿಸಿದ ಮಾಲೀಕನಿಂದ ಕಾರ್ಮಿಕರನ್ನು ಸರಬರಾಜು ಮಾಡುವ ಏಜೆನ್ಸಿಯವರೆಗೆ ನಡೆದ ಅರ್ಧ ಶತಮಾನವನ್ನು ಒಂದು ಅಂಗಿಯ ಮೇಲೇ ಓದಬಹುದು.

ನಮ್ಮ ಕಡೆ ಇಂಥ ಬದಲಾವಣೆ ಇನ್ನೂ ಚುಟುಕಾಗಿ ಮುಗಿಯುತ್ತದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಮಾಡಿಕೊಂಡಿದ್ದ ವಿಜಯಾ ಬ್ಯಾಂಕ್‌ಗೆ ಹೆಸರಾಂತ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಅದು ವಿಲೀನವಾದಾಗ ಪಾಸ್‌ಬುಕ್ಕಿನ ಮೇಲಿನ ಹೆಸರಿನ ಜೊತೆಗೆ ಅಂಗಿಯ ಮೇಲಿನ ಹೆಸರೂ ಹೋಯಿತು. ಪಾಸ್‌ಬುಕ್ಕಿಗಾಗಿ ಮರುಗಿದವರು ಕರಾವಳಿಯಲ್ಲಿ ಬಹಳ ಮಂದಿ. ಅಂಗಿಯ ಮಾತನ್ನು ಎತ್ತಿದವರು ಕಡಿಮೆ.

ವರೇಸೆಯ ಬೋರ್ಗಿ ಕಾರ್ಖಾನೆಗಳು ಫಿಲಿಪ್ಸ್‌ನಿಂದ 1990ರ ದಶಕದ ಹೊತ್ತಿಗೆ ಅಮೆರಿಕದ ವರ್ಲ್‌ಪೂಲ್ ಕೈಸೇರಿದ್ದವು. ಹೌದು, ನಮ್ಮ ಅಡುಗೆಮನೆಗಳಲ್ಲೂ ಇರುವ ಅದೇ ವರ್ಲ್‌ಪೂಲ್. ಆ ಕಂಪನಿಯ ಯುರೋಪಿನ ವ್ಯವಹಾರ 2024ರ ಏಪ್ರಿಲ್‌ನಲ್ಲಿ ಟರ್ಕಿ ಮೂಲದ ಬೆಕೊ ಸಂಸ್ಥೆಯ ಹಿಡಿತಕ್ಕೆ ಹೋಯಿತು. ಕ್ಲಬ್ಬಿನ ಚುಕ್ಕಾಣಿಯೂ ಹೊರದೇಶದವರ ಕೈಗೇ ಬಂದಿದೆ. ಆದರೆ ಈತ ಕಾರ್ಖಾನೆಯ ಒಡೆಯನಲ್ಲ. ಅರ್ಜೆಂಟೀನಾಕ್ಕೆ 2004ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದುಕೊಟ್ಟ ತಂಡದಲ್ಲಿದ್ದ ಲೂಯಿಸ್ ಸ್ಕೋಲಾ, 2020–21ರಲ್ಲಿ ವರೇಸೆಯ ಅಂಗಿ ತೊಟ್ಟು ಆಡಿದ್ದ ಆಟಗಾರ.