ಮುಟ್ಟು ಬರುವ ಮೊದಲೇ ಆಗಬೇಕಾದ ಮಾತು

"ಮಗು ಹಾಲು ಕುಡೀತಿದೆ, ಮುಟ್ಟೂ ಬಂದಿಲ್ಲ, ಈಗೆಲ್ಲಿ ಬಸಿರಾಗ್ತಾಳೆ?" ಬಾಣಂತಿಯ ಮನೆಯಲ್ಲಿ ಹಿರಿಯರು ಧೈರ್ಯ ಹೇಳುವುದು ಹೀಗೆ. ಇದು ಅರ್ಧ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಇದ್ದರಷ್ಟೇ ಹಾಲೂಡಿಕೆ ಬಸಿರನ್ನು ತಡೆಯುತ್ತದೆ. ಒಂದು ತಪ್ಪಿದರೂ ನೆಚ್ಚುವಂತಿಲ್ಲ. ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಹಾಗಾಗಿ ಮುಟ್ಟು ಕಾಣದೆಯೇ ಮತ್ತೆ ಬಸಿರಾಗಬಹುದು.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಚೊಚ್ಚಲ ಹೆರಿಗೆ ತವರಲ್ಲಿ. ತವರು ಗಡಿಯಾಚೆ ರಾಯದುರ್ಗದ ಕಡೆಗಿದ್ದರೆ ಆಶಾ ಕಾರ್ಯಕರ್ತೆಯೂ ಬೇರೆ, ಆಸ್ಪತ್ರೆಯೂ ಬೇರೆ. ಗಂಡ ಇಲ್ಲಿ ಮಗ್ಗದ ಮುಂದೆಯೋ ಶೇಂಗಾ ಹೊಲದಲ್ಲೋ ಇರುತ್ತಾನೆ. ತಿಂಗಳುಗಟ್ಟಲೆ ಕಳೆದು ಮಗುವಿನೊಂದಿಗೆ ಅತ್ತೆಮನೆಗೆ ಮರಳುವ ಹೊತ್ತಿಗೆ ಹಾಲಿನ ರಕ್ಷಣೆ ಮುಗಿಯುತ್ತಾ ಬಂದಿರುತ್ತದೆ. ಗರ್ಭನಿರೋಧಕದ ವಿಷಯ ಯಾರೂ ಎತ್ತಿರುವುದಿಲ್ಲ. ಬಾಣಂತಿಯನ್ನು ಊರಾಚೆ ಗುಡಿಸಲಲ್ಲಿ ಇರಿಸುವ ಪದ್ಧತಿ ಉಳಿದಿರುವ ಕಾಡುಗೊಲ್ಲರ ಹಟ್ಟಿಗಳಲ್ಲಂತೂ ಸಲಹೆ ಅವಳನ್ನು ತಲುಪುವುದೇ ಕಷ್ಟ.

ಆದ್ದರಿಂದ ತೀರ್ಮಾನ ಹೆರಿಗೆಗೆ ಮುಂಚೆಯೇ ಆಗಬೇಕು. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಬೇಡವೆನಿಸಿದಾಗ ತೆಗೆಸಿದರೆ ಮತ್ತೆ ಬಸಿರಾಗಬಹುದು. ಛಾಯಾ ಮಾತ್ರೆ ಹಾಲೂಡಿಸುವವರಿಗೂ ಆಗುತ್ತದೆ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಅಂತರಾ ಚುಚ್ಚುಮದ್ದನ್ನು ಹಾಲೂಡಿಸುವ ತಾಯಿ ಆರು ವಾರ ಕಳೆದ ಮೇಲೆ ಶುರುಮಾಡಿ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಇದರಿಂದ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಕೆಟ್ಟ ರಕ್ತ ಹೊಟ್ಟೆಯಲ್ಲೇ ಉಳಿಯುತ್ತದೆಂದು ಹೆದರಿ ಅರ್ಧಕ್ಕೆ ಬಿಡುವವರುಂಟು. ಉಳಿಯುವುದು ಏನೂ ಇಲ್ಲ, ಗರ್ಭಕೋಶದ ಒಳಪದರ ಬೆಳೆಯದ ಕಾರಣ ರಕ್ತ ಬರುವುದಿಲ್ಲ, ಅಷ್ಟೆ. ಇದನ್ನು ಸೂಜಿ ಚುಚ್ಚುವ ಮೊದಲೇ ಹೇಳುವುದು ಆರೋಗ್ಯ ಸಿಬ್ಬಂದಿಯ ಕರ್ತವ್ಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿದ್ದಾರೆ. ಗಂಡಸರ ಶಸ್ತ್ರಚಿಕಿತ್ಸೆ ಹೆಚ್ಚುಕಡಿಮೆ ಸೊನ್ನೆ. ಮಕ್ಕಳು ಸಾಕೆನಿಸಿದಾಗ ಹೆಂಗಸಿಗೆ ಆಪರೇಷನ್, ಅಲ್ಲಿಯವರೆಗೆ ಹೆಚ್ಚಿನವರಿಗೆ ಏನೂ ಇಲ್ಲ. ನನ್ನನ್ನು ಕಾಡುವುದು ಈ ನಡುವಿನ ಕಾಲ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಬಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತಹೀನತೆಯಿಂದ ಬಳಲುವ ತಾಯಿಗೆ ಆ ಎರಡು ವರ್ಷ ಬೇಕೇ ಬೇಕು.

ಎಂಟನೇ ತಿಂಗಳ ತಪಾಸಣೆಗೆ ಹೋಗುವಾಗ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ, ತಾಯಿ ಕಾರ್ಡ್ ಜೊತೆಗಿರಲಿ, ಹೆರಿಗೆಯ ನಂತರ ಯಾವ ವಿಧಾನ ಎಂದು ಅಲ್ಲೇ ಕೇಳಿ.