ಕೆಟ್ಟುಹೋಯಿತು, ಕೆಡಿಸಿದರು, ಪರವಾಗಿಲ್ಲ: ಗಣಕ ಪರಿಕರಗಳ ಬಗೆಗಿನ ಗ್ರಾಹಕಾಭಿಪ್ರಾಯದ ವ್ಯಾಕರಣ

ಮನೆಯ ಗಣಕಕ್ಕೆ ಜೋಡಿಸುವ ಕೀಬೋರ್ಡ್, ಮೌಸ್, ಪ್ರಿಂಟರ್, ಹೆಡ್‌ಫೋನ್, ಪೆನ್‌ಡ್ರೈವ್, ಯುಪಿಎಸ್ ಮೊದಲಾದವನ್ನು ಕೊಂಡವರು ಅವುಗಳ ಗುಣದೋಷಗಳ ಬಗ್ಗೆ ಕನ್ನಡದಲ್ಲಿ ಆಡುತ್ತಿದ್ದ ಮಾತು ಬಹುಕಾಲ ಅಂಗಡಿಯ ಕಟ್ಟೆಯ ಮೇಲೆಯೇ ಮುಗಿದುಹೋಗುತ್ತಿತ್ತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಪೇಟೆಯಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತಿರುತ್ತಾರೆ. ವಸ್ತು ಇಬ್ಬರ ನಡುವೆ ಇರುತ್ತದೆ. ಮಾತಿನಲ್ಲಿ ಉಳಿದುಹೋದುದನ್ನು ಕೈ ತೋರಿಸುತ್ತದೆ, ದನಿ ತಿಳಿಸುತ್ತದೆ. ಫ್ಲಿಪ್‌ಕಾರ್ಟ್ 2020ರ ಜೂನ್ ತಿಂಗಳಲ್ಲಿಯೂ ಅಮೆಜಾನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿಯೂ ತಮ್ಮ ಮಾರಾಟದ ಪುಟಗಳನ್ನು ಕನ್ನಡದಲ್ಲಿ ಒದಗಿಸತೊಡಗಿದವು. ಇಂಥ ಮಾರಾಟದಲ್ಲಿ ಅಭಿಪ್ರಾಯವು ಬರಹವಾಗುತ್ತದೆ. ವಸ್ತುವನ್ನು ಕಾಣದವರು, ಕೆಲವೊಮ್ಮೆ ಕನ್ನಡವನ್ನೇ ಅರಿಯದವರು, ಅದನ್ನು ಓದಬೇಕಾಗುತ್ತದೆ. ಯಂತ್ರಗಳೂ ಓದುತ್ತವೆ. ಭಾರತೀಯ ಮಾನಕ ಬ್ಯೂರೋ ಗ್ರಾಹಕರ ವಿಮರ್ಶೆಗಳ ಸಂಗ್ರಹ, ಪರಿಶೀಲನೆ ಮತ್ತು ಪ್ರಕಟಣೆಗಾಗಿ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೇ ಹೊರಡಿಸಿತು. ಆ ಮಾನಕದ ಚಿಂತೆ ವಿಮರ್ಶೆ ನಿಜವೋ ನಕಲಿಯೋ ಎಂಬುದು. ನಮ್ಮ ಚಿಂತೆ ಅದಕ್ಕಿಂತ ಸಣ್ಣದು, ಆದರೆ ಅದಕ್ಕೂ ಮೊದಲು ಬರುವಂಥದು: ನಿಜವಾದ ಕನ್ನಡ ವಾಕ್ಯವೊಂದು ಏನನ್ನು ಹೇಳುತ್ತಿದೆ?

ಈ ಲೇಖನದಲ್ಲಿ ನಾವು ಕೊಡುವ ಉದಾಹರಣೆಗಳು ಯಾವ ವ್ಯಕ್ತಿಯ ಬರಹದಿಂದಲೂ ಎತ್ತಿಕೊಂಡವಲ್ಲ. ಇಂಥ ಮಾತಿನಲ್ಲಿ ವಾಡಿಕೆಯಾಗಿರುವ ವಾಕ್ಯಮಾದರಿಗಳನ್ನು ಅನುಸರಿಸಿ ನಾವೇ ರಚಿಸಿಕೊಂಡವು.

ಮೊದಲು ದೂರಿನ ವಾಕ್ಯವನ್ನು ನೋಡೋಣ. ವಸ್ತು ಹಾಳಾದುದನ್ನು ಹೇಳಲು ಕನ್ನಡದಲ್ಲಿ ಒಂದೇ ದಾರಿಯಿಲ್ಲ:

(1) ಪ್ರಿಂಟರ್ ಕೆಟ್ಟಿದೆ.
(2) ಪ್ರಿಂಟರ್ ಕೆಟ್ಟುಹೋಯಿತು.
(3) ಪ್ರಿಂಟರ್ ಕೆಡಿಸಿದರು.
(4) ಪ್ರಿಂಟರ್ ಕೆಡಿಸಿಹಾಕಿದರು.

(1) ಕೇವಲ ಸ್ಥಿತಿಯನ್ನು ತಿಳಿಸುತ್ತದೆ. ಪೆಟ್ಟಿಗೆ ತೆರೆದಾಗಲೇ ಹಾಗಿತ್ತೋ ಆಮೇಲೆ ಹಾಗಾಯಿತೋ ಎಂಬುದನ್ನು ಹೇಳುವುದಿಲ್ಲ. (2)ರಲ್ಲಿ ‘ಹೋಗು’ ಎಂಬ ಸಹಾಯಕ ಕ್ರಿಯೆಯು ಎರಡು ಕೆಲಸಗಳನ್ನು ಮಾಡುತ್ತದೆ. ಸರಿಯಾಗಿದ್ದ ವಸ್ತು ಬೇಡದ ಸ್ಥಿತಿಗೆ ಜಾರಿತು ಎಂಬುದು ಒಂದು. ಆ ಜಾರುವಿಕೆಯಲ್ಲಿ ಮಾತನಾಡುವವನ ಕೈವಾಡವಿಲ್ಲ ಎಂಬ ಸೂಚನೆ ಇನ್ನೊಂದು. (3) ಪ್ರೇರಣಾರ್ಥಕ ರೂಪ. ಕರ್ತೃವನ್ನು ಹೆಸರಿಸದಿದ್ದರೂ ಕ್ರಿಯಾಪದದ ಬಹುವಚನ ಪ್ರತ್ಯಯವು ಯಾರೋ ಮನುಷ್ಯರು ಅದನ್ನು ಮಾಡಿದರು ಎಂದು ಸಾರುತ್ತದೆ. ರಿಪೇರಿಗೆ ಕೊಟ್ಟ ಕಡೆಯವರೋ ಮನೆಗೆ ಬಂದ ತಂತ್ರಜ್ಞರೋ ಎಂಬುದು ಸಂದರ್ಭಕ್ಕೆ ಬಿಟ್ಟದ್ದು. (4)ರ ‘ಹಾಕು’ ಆ ಕೆಲಸದ ಮೇಲಿನ ಸಿಟ್ಟನ್ನೂ ಸೇರಿಸುತ್ತದೆ. ಈ ನಾಲ್ಕನ್ನೂ ಇಂಗ್ಲಿಷಿಗೆ ತರುವ ಸಾಮಾನ್ಯ ಅನುವಾದಕ ನಾಲ್ಕಕ್ಕೂ ‘ಕೆಲಸ ಮಾಡುತ್ತಿಲ್ಲ’ ಎಂಬರ್ಥದ ಒಂದೇ ವಾಕ್ಯವನ್ನು ಕೊಟ್ಟರೆ ಅಚ್ಚರಿಯಿಲ್ಲ.

ಇದು ಬರಿಯ ಅರ್ಥಚ್ಛಾಯೆಯ ಪ್ರಶ್ನೆಯಲ್ಲ. ಇಂಥ ಪರಿಕರಗಳ ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಅನ್ವಯಿಸುತ್ತದೆ, ಬಳಸುವವನ ಕೈಯಿಂದಾದ ಹಾನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಕ್ರಿಯಾಪದವು ಅಕರ್ಮಕವೋ ಸಕರ್ಮಕವೋ ಎಂಬ ವ್ಯಾಕರಣದ ಪ್ರಶ್ನೆಯೇ, ಹಣ ಮರಳುವುದೋ ಇಲ್ಲವೋ ಎಂಬ ಪ್ರಶ್ನೆಯಾಗಿಬಿಡುತ್ತದೆ. ‘ಕೆಡು’ ಮತ್ತು ‘ಕೆಡಿಸು’ ರೂಪದಲ್ಲಿಯೇ ಬೇರೆಯಾದ್ದರಿಂದ ಅಲ್ಲಿ ಗೊಂದಲ ಕಡಿಮೆ. ‘ಮುರಿ’, ‘ಒಡೆ’, ‘ಸುಡು’ ಮೊದಲಾದ ಧಾತುಗಳು ಹಾಗಲ್ಲ. ಅವು ಅಕರ್ಮಕವಾಗಿಯೂ ಸಕರ್ಮಕವಾಗಿಯೂ ಒಂದೇ ರೂಪದಲ್ಲಿ ನಡೆಯುತ್ತವೆ. ‘ಕೀಲಿ ಮುರಿಯಿತು’ ಎಂದರೂ ‘ಕೀಲಿ ಮುರಿದೆ’ ಎಂದರೂ ಧಾತು ಒಂದೇ. ನಿರ್ಜೀವ ವಸ್ತುಗಳ ಮೇಲೆ ದ್ವಿತೀಯಾ ವಿಭಕ್ತಿಯ ‘ಅನ್ನು’ ಆಗಾಗ ಲೋಪವಾಗುವುದರಿಂದ, ಕ್ರಿಯಾಪದದ ಕೊನೆಯ ಪುರುಷ ಪ್ರತ್ಯಯವೊಂದೇ ಗುರುತಾಗಿ ಉಳಿಯುತ್ತದೆ. ಆ ಗುರುತೂ ಇಲ್ಲದ ರಚನೆಯೆಂದರೆ ಕೃದಂತ ವಿಶೇಷಣ:

(5) ಮುರಿದ ಕೀಲಿಯ ಫೋಟೋ ಕಳಿಸಿದ್ದೇನೆ.

ತಾನಾಗಿ ಮುರಿದ ಕೀಲಿಯೋ, ಯಾರೋ ಮುರಿದ ಕೀಲಿಯೋ? ವಾಕ್ಯ ಹೇಳುವುದಿಲ್ಲ. ‘ಮುರಿದುಹೋದ ಕೀಲಿ’ ಎಂದಿದ್ದರೆ ಹೇಳುತ್ತಿತ್ತು. ಗ್ರಾಹಕರು ದೂರಿನ ಮಾತಿನಲ್ಲಿ ‘ಹೋಗು’ವನ್ನು ಇಷ್ಟು ಧಾರಾಳವಾಗಿ ಬಳಸುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ, ಅದನ್ನು ಆಡುಮಾತಿನ ಅನಗತ್ಯ ಅಲಂಕಾರವೆಂದು ತಿದ್ದಿಹಾಕುವ ಸಂಪಾದಕ ಗ್ರಾಹಕನ ಸಾಕ್ಷ್ಯವನ್ನೇ ಅಳಿಸುತ್ತಾನೆ.

‘ಕೊಳ್ಳು’ ಇನ್ನೂ ಸೂಕ್ಷ್ಮ. ಮೌಸಿನ ಗುಂಡಿಯ ಕೆಳಗಿರುವ ಪುಟ್ಟ ಸ್ವಿಚ್ಚಿನ ಲೋಹದ ಸಂಪರ್ಕ ಸವೆದಾಗ, ಒಮ್ಮೆ ಒತ್ತಿದ್ದನ್ನು ಗಣಕವು ಎರಡು ಸಲ ಒತ್ತಿದಂತೆ ಗ್ರಹಿಸುತ್ತದೆ. ಬಳಕೆದಾರರಿಗೆ ಚಿರಪರಿಚಿತವಾದ ದೋಷವಿದು. ಕನ್ನಡದಲ್ಲಿ ಇದನ್ನು ಹೇಳುವ ಬಗೆ ಹೀಗಿರುತ್ತದೆ:

(6) ಒಂದು ಸಲ ಒತ್ತಿದರೆ ಎರಡು ಸಲ ಒತ್ತಿಕೊಳ್ಳುತ್ತದೆ.

‘ಒತ್ತು’ ಸಕರ್ಮಕ ಧಾತು. ಒತ್ತುವ ಬೆರಳು ಬೇಕು. ‘ಬಾಗಿಲು ತೆರೆದುಕೊಂಡಿತು’ ಎಂಬಲ್ಲಿ ಬಾಗಿಲು ತಾನಾಗಿ ತೆರೆದಂತೆ, ಇಲ್ಲಿ ‘ಕೊಳ್ಳು’ ಸೇರಿದ ಕೂಡಲೆ ಎರಡನೆಯ ಒತ್ತುವಿಕೆಗೆ ಬೆರಳಿಲ್ಲವಾಯಿತು. ದೋಷ ಎಲ್ಲಿದೆ ಎಂಬುದನ್ನು ಇಷ್ಟು ಅಡಕವಾಗಿ, ತಂತ್ರಜ್ಞಾನದ ಒಂದು ಪದವನ್ನೂ ಬಳಸದೆ ಹೇಳುವ ವಾಕ್ಯ ಸಿಗುವುದು ಕಷ್ಟ. ಪ್ರಿಂಟರಿನಲ್ಲಿ ‘ಹಾಳೆ ಸಿಕ್ಕಿಕೊಳ್ಳುತ್ತದೆ’ ಎಂಬುದೂ ಇದೇ ಮಾದರಿ.

ಇಂಗ್ಲಿಷಿನಿಂದ ಬಂದ ಮಾತುಗಳು ಈ ವ್ಯವಸ್ಥೆಯನ್ನು ಕೆಡಿಸಿವೆಯೆ? ಬೆರಕೆ ನುಡಿಯ ಬಗ್ಗೆ ಮರುಗುವವರು ಹಾಗೆ ತಿಳಿಯಬಹುದು. ಆದರೆ ‘ಕನೆಕ್ಟ್ ಆಗುತ್ತಿಲ್ಲ’, ‘ಕನೆಕ್ಟ್ ಮಾಡಲಿಲ್ಲ’ ಎಂಬ ಜೋಡಿಯನ್ನು ನೋಡಿದರೆ, ಕೆಡು-ಕೆಡಿಸು ಜೋಡಿಯ ಭೇದವೇ ‘ಆಗು’ ಮತ್ತು ‘ಮಾಡು’ಗಳ ಮೂಲಕ ಎರವಲು ಪದಕ್ಕೂ ಹಬ್ಬಿರುವುದು ಕಾಣುತ್ತದೆ. ಇಂಗ್ಲಿಷಿನ ಆ ಕ್ರಿಯಾಪದವು ಎರಡಕ್ಕೂ ಒಂದೇ ರೂಪದಲ್ಲಿ ಒದಗುತ್ತದೆ. ಕನ್ನಡಕ್ಕೆ ಬಂದ ಮೇಲೆ ಅದು ಯಾವುದಾದರೊಂದು ಕಡೆ ನಿಲ್ಲಲೇಬೇಕು. ಪದ ಎರವಲು, ಹೊಣೆಗಾರಿಕೆಯ ಲೆಕ್ಕ ಕನ್ನಡದ್ದು. ನಾಮಪದಗಳ ವಿಷಯ ಇಷ್ಟು ಸ್ವಾರಸ್ಯಕರವಲ್ಲ. ಕಾರು, ಬಸ್ಸು ಎಂಬ ಹಳೆಯ ಎರವಲುಗಳು ಉಕಾರವನ್ನು ಪಡೆದು ನೆಲೆನಿಂತವು. ಮೌಸ್, ಕೀಬೋರ್ಡ್‌ಗಳು ಬರಹದಲ್ಲಿ ವ್ಯಂಜನಾಂತವಾಗಿಯೇ ಉಳಿದು, ‘ಮೌಸಿನ’ ಮತ್ತು ‘ಮೌಸ್‌ನ’ ಎಂಬ ಎರಡೂ ರೂಪಗಳಲ್ಲಿ ಓಡಾಡುತ್ತಿವೆ.

ವಿಭಕ್ತಿಯ ಕೆಲಸಕ್ಕೆ ಕೀಬೋರ್ಡಿನ ಒಂದು ದೂರು ಒಳ್ಳೆಯ ನಿದರ್ಶನ. ‘ಕೀಬೋರ್ಡಿನಲ್ಲಿ ಕನ್ನಡ ಬರುವುದಿಲ್ಲ’ ಎಂಬುದು ಸಪ್ತಮಿ; ಅಕ್ಷರ ಮೂಡುತ್ತಿಲ್ಲ ಎಂಬ ವರದಿ. ‘ಈ ಕೀಬೋರ್ಡಿಗೆ ಕನ್ನಡ ಬರುವುದಿಲ್ಲ’ ಎಂಬುದು ಚತುರ್ಥಿ. ‘ಅವರಿಗೆ ಕನ್ನಡ ಬರುವುದಿಲ್ಲ’ ಎಂಬಂತೆ ವಸ್ತುವನ್ನೇ ಅರಿಯದವನ ಸ್ಥಾನದಲ್ಲಿ ಕೂರಿಸಿ ಆಡುವ ಕುಹಕ. ವಾಸ್ತವವಾಗಿ ಇಲ್ಲಿ ಕೀಬೋರ್ಡ್ ನಿರಪರಾಧಿ. ಇನ್‌ಸ್ಕ್ರಿಪ್ಟ್ ಆಗಲಿ, ‘ನುಡಿ’ ತಂತ್ರಾಂಶದ ಮೂಲಕ ಬಳಕೆಯಲ್ಲಿರುವ ಕೆ.ಪಿ. ರಾವ್ ಅವರ ವಿನ್ಯಾಸವಾಗಲಿ, ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ನಿರ್ಧರಿಸುವುದು ಗಣಕದೊಳಗಿನ ತಂತ್ರಾಂಶವೇ ಹೊರತು ಕೀಲಿಯ ಮೇಲೆ ಅಚ್ಚಾದ ಚಿಹ್ನೆಯಲ್ಲ. ಸಪ್ತಮಿಯ ವಾಕ್ಯಕ್ಕೆ ಪರಿಹಾರವುಂಟು. ಚತುರ್ಥಿಯ ವಾಕ್ಯ ಬರೆದವರು ಪರಿಹಾರವನ್ನು ಕೇಳುತ್ತಿರುವಂತೆ ಕಾಣುವುದಿಲ್ಲ.

ಚತುರ್ಥಿಯ ನಿಜವಾದ ಸಾಮ್ರಾಜ್ಯ ಮೆಚ್ಚುಗೆಯಲ್ಲಿದೆ. ‘ಕೈಗೆ ಚೆನ್ನಾಗಿ ಕೂರುತ್ತದೆ’, ‘ಕಿವಿಗೆ ಒತ್ತುವುದಿಲ್ಲ’, ‘ಕಣ್ಣಿಗೆ ಹಿತವಾಗಿದೆ’, ‘ಕೊಟ್ಟ ದುಡ್ಡಿಗೆ ಮೋಸವಿಲ್ಲ’. ಅನುಭವಿಸುವ ಅಂಗವೂ ತೆತ್ತ ಬೆಲೆಯೂ ಒಂದೇ ವಿಭಕ್ತಿಯಲ್ಲಿ ಬಂದು ನಿಲ್ಲುತ್ತವೆ. ‘ಚೆನ್ನಾಗಿದೆ’ ಎಂಬುದಕ್ಕೂ ‘ಈ ಬೆಲೆಗೆ ಚೆನ್ನಾಗಿದೆ’ ಎಂಬುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಇವಕ್ಕೆ ಜೊತೆಯಾಗಿ ಅನುಕರಣಾವ್ಯಯಗಳು: ಟಕಟಕ ಎನ್ನುವ ಕೀಬೋರ್ಡ್, ಗರಗರ ಎನ್ನುವ ಫ್ಯಾನು, ಲೊಡಲೊಡ ಅಲ್ಲಾಡುವ ಕೇಬಲ್ ತುದಿ. 13ನೆಯ ಶತಮಾನದ ಕೇಶಿರಾಜನಿಗೂ ಗಮನಾರ್ಹವೆನಿಸಿದ್ದ ಈ ಪದವರ್ಗವನ್ನು ಭಾವವಿಶ್ಲೇಷಣೆಯ ಪದಪಟ್ಟಿಗಳು ಕಡೆಗಣಿಸುವುದು ವಿಷಾದಕರ. ಏಕೆಂದರೆ ಟಕಟಕ ಎಂಬುದು ಒಬ್ಬನಿಗೆ ಹೊಗಳಿಕೆ, ಪಕ್ಕದ ಕೋಣೆಯಲ್ಲಿ ಮಲಗುವವನಿಗೆ ದೂರು, ಆದರೆ ಲೊಡಲೊಡ ಎಂಬುದು ಯಾರಿಗೂ ಹೊಗಳಿಕೆಯಲ್ಲ.

ಯಂತ್ರಗಳು ಹೆಚ್ಚು ಎಡವುವುದು ನಿಷೇಧದಲ್ಲಿ. ‘ಇಲ್ಲ’ ಕಂಡಲ್ಲೆಲ್ಲ ಅತೃಪ್ತಿ ಎಂದು ಎಣಿಸುವ ವಿಧಾನವು ‘ತೊಂದರೆಯಿಲ್ಲ’, ‘ಮೋಸವಿಲ್ಲ’, ‘ಎರಡು ಮಾತಿಲ್ಲ’ ಎಂಬ ಮೂರು ಪ್ರಶಂಸೆಗಳನ್ನು ಮೂರು ದೂರುಗಳಾಗಿ ಬರೆದುಕೊಳ್ಳುತ್ತದೆ. ‘ಇಲ್ಲ’ ಇರವನ್ನು ಅಲ್ಲಗಳೆದರೆ ‘ಅಲ್ಲ’ ಗುರುತನ್ನು ಅಲ್ಲಗಳೆಯುತ್ತದೆ. ‘ಇದು ಒರಿಜಿನಲ್ ಟೋನರ್ ಅಲ್ಲ’ ಎಂಬುದು ನಕಲಿ ಮಾಲಿನ ಆರೋಪ, ‘ಒರಿಜಿನಲ್ ಟೋನರ್ ಇಲ್ಲ’ ಎಂಬುದು ದಾಸ್ತಾನಿನ ಕೊರತೆ. ಎಲ್ಲಕ್ಕಿಂತ ತೊಡಕಿನದು ‘ಪರವಾಗಿಲ್ಲ’. ಇದರ ಮೂಲದಲ್ಲಿರುವುದು ಚಿಂತೆ, ಲಕ್ಷ್ಯ ಎಂಬರ್ಥದ ಪಾರಸಿ ‘ಪರ್ವಾ’. ಕನ್ನಡದ ‘ಇಲ್ಲ’ ಸೇರಿ ‘ಪರವಾಯಿಲ್ಲ’, ‘ಪರವಾಗಿಲ್ಲ’ ಎಂದಾಯಿತು. ಹೀಗಾದಾಗ ಅದು, ಸಂಸ್ಕೃತದ ‘ಪರ’ದಿಂದ ಬಂದ ‘ಪರವಾಗಿ’ ಎಂಬುದರ ನಿಷೇಧರೂಪದೊಡನೆ ಅಕ್ಷರಶಃ ಒಂದಾಗಿಹೋಯಿತು:

(7) ಈ ನಿಯಮ ಗ್ರಾಹಕರ ಪರವಾಗಿಲ್ಲ.
(8) ಈ ಮೌಸ್ ಪರವಾಗಿಲ್ಲ.

(7) ವಿರೋಧ, (8) ಒಪ್ಪಿಗೆ. ಹಿಂದಿನ ಷಷ್ಠಿಯೊಂದೇ ಎರಡನ್ನೂ ಬೇರ್ಪಡಿಸುತ್ತದೆ. ಅದೂ ಅಲ್ಲದೆ (8)ರ ಒಪ್ಪಿಗೆ ಎಷ್ಟರಮಟ್ಟಿಗಿನದು? ‘ಪರವಾಗಿಲ್ಲವೇ!’ ಎಂದು ಅವಧಾರಣೆ ಸೇರಿದರೆ ಅದು ನಿರೀಕ್ಷೆಯನ್ನು ಮೀರಿದ ಬೆರಗು. ‘ಪರವಾಗಿಲ್ಲ, ಅಷ್ಟೆ’ ಎಂದರೆ ಇನ್ನೊಮ್ಮೆ ಕೊಳ್ಳುವುದಿಲ್ಲವೆಂಬ ಸೂಚನೆ. ಐದು ನಕ್ಷತ್ರಗಳ ಸಾಲಿನಲ್ಲಿ ಈ ಪದಕ್ಕೆ ಒಂದು ಸ್ಥಾನ ಗೊತ್ತುಮಾಡುವುದು ವ್ಯರ್ಥ ಪ್ರಯತ್ನವೆಂದೇ ನಮ್ಮ ಅಭಿಮತ. ಕನ್ನಡ-ಇಂಗ್ಲಿಷ್ ಬೆರಕೆ ಬರಹದ ಭಾವವಿಶ್ಲೇಷಣೆಗಾಗಿ 2020ರಲ್ಲಿ ಪ್ರಕಟವಾದ ದತ್ತಸಂಚಯವು ಯೂಟ್ಯೂಬಿನ ಪ್ರತಿಕ್ರಿಯೆಗಳನ್ನು ಆಧರಿಸಿದ್ದು. ಆ ಕೆಲಸದ ಮಹತ್ತ್ವವನ್ನು ಒಪ್ಪುತ್ತಲೇ, ದೃಶ್ಯವೊಂದನ್ನು ನೋಡಿದ ಕೂಡಲೆ ಬರೆಯುವ ಮೆಚ್ಚುಗೆಯ ಭಾಷೆ ಬೇರೆ, ಹಣ ತೆತ್ತು ತಿಂಗಳು ಬಳಸಿದವನು ಅಳೆದು ತೂಗಿ ಬರೆಯುವ ‘ಪರವಾಗಿಲ್ಲ’ದ ಭಾಷೆ ಬೇರೆ ಎಂಬುದನ್ನು ಹೇಳಬೇಕಾಗಿದೆ.

ಲಿಪಿಯೂ ತನ್ನ ಪಾಲಿನ ತೊಂದರೆ ಕೊಡುತ್ತದೆ. ಅನೇಕರು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಆಗ ಹ್ರಸ್ವ-ದೀರ್ಘದ ಭೇದವೂ ಲಕಾರ-ಳಕಾರದ ಭೇದವೂ ಮಾಯವಾಗುತ್ತವೆ. ‘ಹಳೆ’ ಮತ್ತು ‘ಹಾಳೆ’ ಒಂದೇ ಆಗುತ್ತವೆ. ಪ್ರಿಂಟರಿನ ಬಗೆಗಿನ ಮಾತಿನಲ್ಲಿ ಇದು ತಮಾಷೆಯ ವಿಷಯವಲ್ಲ: ಬಂದದ್ದು ಹಳೆಯ ಮಾಲು ಎಂಬ ಆಪಾದನೆಯೋ, ಹಾಳೆ ಹೊರಬರುತ್ತಿಲ್ಲವೆಂಬ ವರದಿಯೋ ಎಂಬುದು ಉಳಿದ ಪದಗಳ ಮೇಲೆ ನಿಲ್ಲುತ್ತದೆ.

ಇನ್ನು ಸೇವೆಯ ಮಾತು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನಲ್ಲಿರುವ ದೋಷವನ್ನೂ ಸೇವೆಯಲ್ಲಿರುವ ಕೊರತೆಯನ್ನೂ ಬೇರೆಬೇರೆಯಾಗಿ ನಿರೂಪಿಸುತ್ತದೆ. ಕನ್ನಡದ ಕೂಡುಕ್ರಿಯೆಗಳಲ್ಲಿ ಈ ಭೇದ ಆಗಲೇ ಇದೆ. ಮೊದಲನೆಯದಕ್ಕೆ ‘ಹೋಗು’ ಮತ್ತು ‘ಕೊಳ್ಳು’ ಸಲ್ಲುತ್ತವೆ, ಎರಡನೆಯದಕ್ಕೆ ‘ಕೊಡು’:

(9) ಅಡಾಪ್ಟರ್ ಬದಲಾಯಿಸಿದರು.
(10) ಅಡಾಪ್ಟರ್ ಬದಲಾಯಿಸಿಕೊಟ್ಟರು.
(11) ಅಡಾಪ್ಟರ್ ಬದಲಾಯಿಸಿಕೊಡಲಿಲ್ಲ.

(9) ಒಂದು ಘಟನೆ. (10)ರಲ್ಲಿ ಅದೇ ಘಟನೆ ಗ್ರಾಹಕನ ಹಿತಕ್ಕಾಗಿ ನಡೆದ ಉಪಕಾರವಾಗುತ್ತದೆ. ವಾರಂಟಿಯ ಪ್ರಕಾರ ಅದು ಹಕ್ಕಾಗಿದ್ದರೂ ಭಾಷೆ ಕೃತಜ್ಞತೆಯನ್ನು ದಾಖಲಿಸುತ್ತದೆ. ಹಾಗೆಂದು (11) ಬರಿಯ ಘಟನೆಯ ಅಭಾವವಲ್ಲ. ಮಾಡಬೇಕಾಗಿದ್ದ ಉಪಕಾರವನ್ನು ಮಾಡಲಿಲ್ಲ ಎಂಬ ನೋವು ಅದರಲ್ಲಿದೆ, ವಸ್ತುವಿನ ಬಗ್ಗೆ ಒಂದು ಮಾತೂ ಇಲ್ಲ. ಇಂಥ ವಾಕ್ಯವನ್ನು ಅಡಾಪ್ಟರಿನ ಗುಣಮಟ್ಟದ ಖಾತೆಗೆ ಸೇರಿಸಿದರೆ ತಯಾರಕರಿಗೆ ಅನ್ಯಾಯ, ಮಾರಿದವರಿಗೆ ಅನರ್ಹ ವಿನಾಯಿತಿ.

ಕೊನೆಯದಾಗಿ ‘ಅಂತೆ’. ‘ಮೂರು ವರ್ಷ ವಾರಂಟಿ ಇದೆ’ ಎಂದು ಬರೆದವನು ತಾನೇ ಹೊಣೆ ಹೊರುತ್ತಾನೆ. ‘ಮೂರು ವರ್ಷ ವಾರಂಟಿ ಇದೆಯಂತೆ’ ಎಂದು ಬರೆದವನು, ಹೇಳಿದವರು ಬೇರೆ ಎಂದು ಎರಡಕ್ಷರದಲ್ಲಿ ತಿಳಿಸಿ ಪಕ್ಕಕ್ಕೆ ಸರಿಯುತ್ತಾನೆ. ಅವನು ಅದನ್ನು ನಂಬಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ, ಪರೀಕ್ಷಿಸಿಲ್ಲವೆಂಬುದಷ್ಟೇ ಸಿದ್ಧವಾಗುತ್ತದೆ. ಅನೇಕ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ಸಾರಾಂಶ ಬರೆಯುವ ಯಂತ್ರವು ಈ ಪ್ರತ್ಯಯವನ್ನು ಉದುರಿಸಿದಾಗ ಮಾರಾಟಗಾರನ ಮಾತೇ ಗ್ರಾಹಕನ ಅನುಭವದ ವೇಷ ತೊಟ್ಟು ಹೊರಬರುತ್ತದೆ, ಮತ್ತು ಮುಂದಿನ ಗ್ರಾಹಕ ಅದನ್ನು ಓದಿ ಹಣ ತೆರುತ್ತಾನೆ.